ನಮ್ಮದೇ ಮರ, ನಮ್ಮದೇ ಮನೆ: ಪಹಣಿಯಿಂದ ಪಾಲಿಶ್‌ವರೆಗೆ

ಈ ನವರಾತ್ರಿ ಹೊತ್ತಿಗೆ ನಮ್ಮ ಮನೆಯ ಕೊನೆಯ ಬಾಗಿಲಿಗೆ ಪಾಲಿಶ್ ಮುಗಿಯಿತು. ಪುತ್ತೂರು ತಾಲೂಕಿನ ಹಳ್ಳಿಮನೆ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ದಾರಂದ (ಬಾಗಿಲ ಚೌಕಟ್ಟು), ಬಾಗಿಲು, ಕಿಟಕಿಗೆಲ್ಲ ನಮ್ಮ ಜಾಗದಲ್ಲೇ ಬೆಳೆದ ಮರ. ಶುರುವಿನಿಂದ ಲೆಕ್ಕ ಹಾಕಿದರೆ ಎರಡು ವರ್ಷವಾಯಿತು. ಅದರಲ್ಲಿ ಗೋಡೆ ಎದ್ದದ್ದು ಕೆಲವೇ ತಿಂಗಳಲ್ಲಿ. ಉಳಿದ ಸಮಯವನ್ನೆಲ್ಲ ಮರವೇ ನುಂಗಿತು.

ಸಿಮೆಂಟು, ಕಬ್ಬಿಣ ಯಾವುದಕ್ಕೆ ಎಷ್ಟು ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವೆರಡೂ ಫೋನ್ ಮಾಡಿದರೆ ಮರುದಿನ ಅಂಗಳಕ್ಕೆ ಬಂದು ಬೀಳುತ್ತವೆ. ಮರ ಹಾಗೆ ಬರುವುದಿಲ್ಲ. ಬಂದರೂ ಆಗಲೇ ಉಳಿ ಹಾಕುವ ಸ್ಥಿತಿಯಲ್ಲಿ ಇರುವುದಿಲ್ಲ. ಹಾಗಾಗಿ ಮನೆಯ ಪ್ಲಾನಿಗಿಂತ ಮೊದಲು ಮರದ ಕೆಲಸ ಶುರು ಮಾಡಿ ಅಂತ ಈಗ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಅಪ್ಪ ನೆಟ್ಟ ಸಾಗುವಾನಿ ತೋಟದ ಬದಿಯಲ್ಲಿತ್ತು. ಜೊತೆಗೆ ಹೆಬ್ಬಲಸು, ಹಲಸು. "ನಮ್ಮ ಜಾಗ, ನಮ್ಮ ಮರ, ಯಾರನ್ನು ಕೇಳುವುದು?" ಅಂತ ನೆರೆಯವರು ಧೈರ್ಯ ತುಂಬಿದರು. ಕೇಳಲೇಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣೆ ಕಾಯ್ದೆ ಇದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ರಬ್ಬರ್ ಇಂಥ ಕೆಲವಕ್ಕೆ ವಿನಾಯಿತಿ ಉಂಟು. ಸಾಗುವಾನಿಗೆ ಇಲ್ಲ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು, ಅವರು ಬಂದು ಮರ ನೋಡಿ, ಗುರುತು ಹಾಕಿ, ಅನುಮತಿ ಕೊಟ್ಟ ಮೇಲೆಯೇ ಕೊಡಲಿ ಹಾಕಬೇಕು. ಬೀಟೆ, ಶ್ರೀಗಂಧದ ಕಥೆ ಬೇರೆಯೇ. ನಿಮ್ಮ ಜಾಗದಲ್ಲಿ ಅವು ಇದ್ದರೆ ಅರ್ಜಿಯಲ್ಲಿ ಬರೆಯುವ ಮೊದಲು ವಿಚಾರಿಸಿಕೊಳ್ಳಿ.

ನಾವು ಕೊಟ್ಟ ಕಾಗದಗಳು ಇಷ್ಟು: ಈಚಿನ ಪಹಣಿ, ಮ್ಯುಟೇಷನ್ ಪ್ರತಿ, ಸರ್ವೆ ನಕ್ಷೆ, ಗುರುತಿನ ಚೀಟಿ, ಯಾವ ಮರ ಎಷ್ಟು ಸುತ್ತಳತೆ ಅಂತ ಒಂದು ಪಟ್ಟಿ. ಪಹಣಿ ಇನ್ನೂ ಅಪ್ಪನ ಹೆಸರಲ್ಲಿತ್ತು. ಹಾಗಾಗಿ ಅರ್ಜಿಗೂ ಅಪ್ಪನದೇ ಸಹಿ. ಜಂಟಿ ಪಹಣಿಯಾದರೆ ಎಲ್ಲರ ಒಪ್ಪಿಗೆ ಕೇಳುತ್ತಾರೆ. ಅಣ್ಣತಮ್ಮಂದಿರು ಊರಲ್ಲಿ ಇರುವಾಗಲೇ ಸಹಿ ಹಾಕಿಸಿಕೊಂಡು ಬಿಡಿ.

ನಮ್ಮ ಫೈಲು ನಿಂತದ್ದು ಕುಮ್ಕಿಯಲ್ಲಿ. ದಕ್ಷಿಣ ಕನ್ನಡದವರಿಗೆ ಇದು ಗೊತ್ತಿರುತ್ತದೆ. ವರ್ಗ ಜಾಗಕ್ಕೆ, ಅಂದರೆ ನಮ್ಮ ಹೆಸರಿನ ಪಟ್ಟಾ ಜಾಗಕ್ಕೆ ಅಂಟಿಕೊಂಡ ಜಾಗ, ಸೊಪ್ಪು ಸೌದೆಗೆ ನಾವು ಬಳಸುತ್ತೇವೆ, ಆದರೆ ಅದು ಸರಕಾರದ್ದು. ಎಲ್ಲಕ್ಕಿಂತ ದಪ್ಪದ ಸಾಗುವಾನಿ ಬೇಲಿಯ ಹತ್ತಿರವೇ ಇತ್ತು. ಅದು ವರ್ಗದ ಒಳಗೋ ಕುಮ್ಕಿಯಲ್ಲೋ ಅಂತ ಯಾರಿಗೂ ಹೇಳಲು ಬರಲಿಲ್ಲ. ಸರ್ವೆಯವರು ಬರಬೇಕು ಅಂದರು. ಅರ್ಜಿ, ಶುಲ್ಕ, ಮತ್ತೆ ಕಾಯುವುದು. ಒಂದು ಕಚೇರಿಯಲ್ಲಿ ಫೈಲು ಮೇಜಿನಿಂದ ಮೇಜಿಗೆ ಹೋಗಲು ದೀಪಾವಳಿ ಕಳೆಯಿತು. ದಿನ ಹೋದಂತೆ ಅಪ್ಪನಿಗೆ ಸಿಟ್ಟು. "ನಾನು ನೆಟ್ಟದ್ದಕ್ಕೆ ನಾನೇ ಸಾಕ್ಷಿ ತರಬೇಕಾ?" ಅಂತ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು. ಸರಪಳಿ ಎಳೆದಾಗ ಮರ ಕುಮ್ಕಿಯ ಕಡೆಗೇ ಬಂತು. ಅದನ್ನು ಪಟ್ಟಿಯಿಂದ ತೆಗೆದೆವು. ಅದು ಈಗಲೂ ಅಲ್ಲೇ ನಿಂತಿದೆ. ಗಡಿಯ ಹತ್ತಿರದ ಮರವನ್ನು ಮೊದಲ ಅರ್ಜಿಗೆ ಸೇರಿಸದಿದ್ದರೆ ಉಳಿದದ್ದು ಬೇಗ ಆಗುತ್ತದೆ.

ಕಡಿದಾಯಿತು ಅಂದರೆ ಮುಗಿಯಲಿಲ್ಲ. ದಿಮ್ಮಿ ಅಳೆದು, ಸುತ್ತಿಗೆ ಗುರುತು ಒತ್ತಿ, ಸಾಗಿಸಲು ರಹದಾರಿ ಕೊಡುತ್ತಾರೆ. ಅದರಲ್ಲಿ ವಾಹನದ ನಂಬರು, ದಿಮ್ಮಿಗಳ ಲೆಕ್ಕ, ಯಾವಾಗಿನಿಂದ ಯಾವಾಗಿನವರೆಗೆ ನಡೆಯುತ್ತದೆ ಎಲ್ಲ ಇರುತ್ತದೆ. ನಮ್ಮ ಲಾರಿಯವರು ಆ ದಿನ ಬೇರೆ ಬಾಡಿಗೆಗೆ ಹೋಗಿಬಿಟ್ಟರು. ಬೇರೆ ಲಾರಿ ಹಿಡಿಯೋಣ ಅಂದರೆ ಕಾಗದದಲ್ಲಿ ಇವರದೇ ನಂಬರು. ಕಾದು ಕೂತು, ಸಂಜೆ ಸಮಯ ಮುಗಿಯುವ ಮುಂಚೆ ಮಿಲ್ಲು ಮುಟ್ಟಿಸಿದೆವು. ಮಿಲ್ಲಿನಿಂದ ಕೊಯ್ದ ಮರ ಮನೆಗೆ ತರುವಾಗಲೂ ಕಾಗದ ಬೇಕು. ಏನೇನು ಬೇಕು ಅಂತ ಮಿಲ್ಲಿನವರನ್ನೇ ಮೊದಲು ಕೇಳಿಟ್ಟುಕೊಳ್ಳಿ.

ಇನ್ನು ಮಿಲ್ಲಿನ ಲೆಕ್ಕ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು, ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಕ್ಯೂಬಿಕ್ ಅಡಿ. 60 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ 15.6 ಕ್ಯೂಬಿಕ್ ಅಡಿ ಆಗುತ್ತದೆ. ಕೊಯ್ದ ಮರಕ್ಕೆ ಸುಲಭ: ಅಗಲ ಇಂಚು, ದಪ್ಪ ಇಂಚು, ಉದ್ದ ಅಡಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸುವುದು. 5ಕ್ಕೆ 3 ಇಂಚಿನ ಒಂದು ದಾರಂದಕ್ಕೆ ಹೊಸ್ತಿಲೂ ಸೇರಿ 22 ಅಡಿ ಮರ ಬೇಕಾದರೆ, ಸುಮಾರು 2.3 ಕ್ಯೂಬಿಕ್ ಅಡಿ. ಈ ಲೆಕ್ಕ ಬಾಯಿಗೆ ಬಂದರೆ ಯಾರೂ ನಿಮ್ಮನ್ನು ಏಮಾರಿಸಲು ಆಗುವುದಿಲ್ಲ. ದಿಮ್ಮಿಯಲ್ಲಿ ಇದ್ದಷ್ಟು ಕೈಗೆ ಬರುತ್ತದೆ ಅಂತ ಮಾತ್ರ ಎಣಿಸಬೇಡಿ. ಸಿಪ್ಪೆ, ಬಿಳಿ ಭಾಗ, ಗರಗಸದ ಪುಡಿ, ಸೀಳು ಎಲ್ಲ ಕಳೆದು ನಮಗೆ ಬಂದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ.

ಮಿಲ್ಲಿಗೆ ಹೋಗುವ ಮೊದಲೇ ಆಚಾರಿಯನ್ನು (ಬಡಗಿಯನ್ನು) ಗೊತ್ತು ಮಾಡಿ, ಯಾವ ಸೈಜು ಎಷ್ಟು ಬೇಕು ಅಂತ ಪಟ್ಟಿ ಬರೆಸಿ. ಕೆಲಸ ಮುಗಿದಾಗ 5ಕ್ಕೆ 3 ಇರಬೇಕು ಅಂದರೆ ಕೊಯ್ಯುವಾಗ ಎರಡೂ ಕಡೆ ಕಾಲು ಇಂಚು ಜಾಸ್ತಿ ಬಿಡಬೇಕು. ಒಣಗಿ ಕುಗ್ಗುವುದಕ್ಕೆ ಸ್ವಲ್ಪ, ಕೀಸುಳಿಗೆ ಸ್ವಲ್ಪ. ನಮ್ಮ ಆಚಾರ್ರು ಕೊಯ್ಯುವ ದಿನ ತಾವೇ ಬಂದು ನಿಂತರು. ಪ್ರತಿ ದಿಮ್ಮಿಯ ತುದಿಯಲ್ಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮರದ ನಟ್ಟನಡುವಿನ ಬಿಂದು ಯಾವ ತುಂಡಿನ ಒಳಗೂ ಸೇರದ ಹಾಗೆ ಕೊಯ್ಯಿಸಿದರು. ಆ ಬಿಂದು ಒಳಗೆ ಉಳಿದ ಕಂಬ, ತೊಲೆ ಒಣಗುವಾಗ ಉದ್ದಕ್ಕೂ ಸೀಳುತ್ತದೆ. ಹೊರಗಿನ ಬಿಳಿ ಪದರವನ್ನೂ ತೆಗೆಸಿದರು. ಸಾಗುವಾನಿಯ ಚೇಗನ್ನು, ಅಂದರೆ ಒಳಗಿನ ಗಟ್ಟಿ ಭಾಗವನ್ನು, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ ಅನ್ನುವುದು ನಿಜ. ಅದೇ ಮರದ ಬಿಳಿ ಭಾಗಕ್ಕೆ ಆ ಗುಣ ಇಲ್ಲ. ಕುಟ್ಟೆ ಹುಳಕ್ಕೂ ಅದೇ ಇಷ್ಟ. "ಸಾಗುವಾನಿ ಹಾಕಿಯೂ ಹುಳ ಹಿಡಿಯಿತು" ಅಂತ ಹೇಳುವವರ ಮನೆಗೆ ಹೋಗಿ ನೋಡಿ, ಹೆಚ್ಚಾಗಿ ಬಿಳಿ ಭಾಗವೇ ಹೋಗಿರುತ್ತದೆ.

ಕೊಯ್ದು ತಂದ ಮೇಲೆ ಒಣಗಿಸುವುದು. ನಮ್ಮ ಸಹನೆ ಕೆಟ್ಟದ್ದು ಇಲ್ಲೇ. ಮರ ಮನೆಯಲ್ಲೇ ಇದೆ, ದುಡ್ಡೂ ಇದೆ, ಮೇಸ್ತ್ರಿ ದಿನಾ ಫೋನ್ ಮಾಡುತ್ತಾರೆ. ಆಚಾರ್ರು ಮಾತ್ರ ಹಲಗೆಯ ಮೇಲೆ ಅಂಗೈ ಇಟ್ಟು, "ಅಕ್ಕಾ, ಇದು ಇನ್ನೂ ತಂಪು ಉಂಟು. ಈಗ ಮುಟ್ಟುವುದು ಬೇಡ" ಅಂತ ಹೇಳಿ ಹೊರಟುಬಿಡುತ್ತಿದ್ದರು.

ಅವರು ಹೇಳಿದ್ದಕ್ಕೆ ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಮರದ ತೇವ ಶೇಕಡಾ 25-30ಕ್ಕೆ ಇಳಿಯುವವರೆಗೆ ಅಳತೆಯಲ್ಲಿ ಏನೂ ಆಗುವುದಿಲ್ಲ. ಅಲ್ಲಿಂದ ಕೆಳಗಿಳಿಯಲು ಶುರುವಾದ ಮೇಲೆಯೇ ಅದು ಕುಗ್ಗುವುದು. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ತುದಿಯಲ್ಲಿ ಕಾಣುವ ಬಳೆಗಳ ಉದ್ದಕ್ಕೆ ಜಾಸ್ತಿ, ನಡುವಿನಿಂದ ಹೊರಕ್ಕೆ ಅದರ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಹಲಗೆ ಬಾಗುತ್ತದೆ, ಚೌಕದ ತುಂಡು ಓರೆಯಾಗುತ್ತದೆ. ಇದೆಲ್ಲ ದಾರಂದ ಆಗುವ ಮೊದಲೇ ಆಗಿ ಮುಗಿಯಬೇಕು. ಗೋಡೆಯ ಒಳಗೆ ಕೂತ ಮೇಲೆ ಶುರುವಾದರೆ ಯಾರೂ ಏನೂ ಮಾಡಲು ಬರುವುದಿಲ್ಲ.

ನಾವು ಒಟ್ಟಿದ್ದು ಹೀಗೆ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು, ಅದರ ಮೇಲೆ ಹಲಗೆಗಳ ಒಂದು ಸಾಲು. ಒಂದೊಂದು ಸಾಲಿನ ನಡುವೆ ಒಂದಿಂಚಿನ ಒಣ ಪಟ್ಟಿಗಳು. ಪಟ್ಟಿಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ನೇರಕ್ಕೆ ಬರಬೇಕು. ಇಲ್ಲದಿದ್ದರೆ ಮೇಲಿನ ಭಾರಕ್ಕೆ ಕೆಳಗಿನ ಹಲಗೆ ಸೊಟ್ಟಗಾಗಿ ಹಾಗೆಯೇ ಒಣಗುತ್ತದೆ. ತುದಿಗಳಿಗೆ ಹಳೆಯ ಪೇಂಟ್ ಬಳಿದೆವು. ಮರದ ನೀರು ತುದಿಯಿಂದಲೇ ಬೇಗ ಹೋಗುವುದು, ಹಾಗಾಗಿ ಅಲ್ಲೇ ಮೊದಲು ಬಿರಿಯುತ್ತದೆ. ಮೇಲೆ ಶೀಟು, ನಾಲ್ಕೂ ಕಡೆ ಗಾಳಿ. ತುಂಬ ಜನ ಟಾರ್ಪಾಲಿನಲ್ಲಿ ಸುತ್ತಿ ಕಟ್ಟಿ ಇಡುತ್ತಾರೆ. ಒಳಗೆ ಬೂಸಲು ಬಂದು ಮರ ಕಪ್ಪಾಗುತ್ತದೆ ಅಷ್ಟೇ.

ಮಳೆಗಾಲದಲ್ಲಿ ಒಣಗಿಸುವ ಕೆಲಸ ನಿಂತುಹೋದ ಹಾಗೆಯೇ. ಒಂದು ಸಣ್ಣ ತುಂಡನ್ನು ಆಗಾಗ ತೂಕ ಹಾಕಿ ಗೋಡೆಯಲ್ಲಿ ಬರೆದಿಡುತ್ತಿದ್ದೆ. ಜುಲೈಯಲ್ಲಿ ತೂಕ ಇಳಿಯುವುದಿರಲಿ, ಸ್ವಲ್ಪ ಏರಿತು. ಅಕ್ಟೋಬರ್ ನಂತರ ಮತ್ತೆ ಇಳಿದು ಒಂದು ಕಡೆ ನಿಂತಿತು. ತೂಕ ನಿಂತಿತು ಅಂದರೆ ಹೊರಗಿನ ಹವೆಗೂ ಮರಕ್ಕೂ ಸರಿಹೊಂದಿತು ಅಂತ ಅರ್ಥ. ತೇವ ಅಳೆಯುವ ಮೀಟರ್ ಕೂಡ ಸಿಗುತ್ತದೆ. ನಾವು ತಂಗಿಯ ಮನೆಯಿಂದ ತಂದಿದ್ದೆವು, 14 ಅಂತ ತೋರಿಸಿತು. ಕರಾವಳಿಗೆ ಅಷ್ಟು ಸಾಕು. ಇನ್ನೂ ಇಳಿಸಿದರೂ ಮಳೆಗಾಲ ಬಂದಾಗ ಅದು ವಾಪಸ್ ಏರುವುದೇ. ಸರಿಯಾಗಿ ಒಣಗಿದ ಹಲಸು, ಹಸಿ ಸಾಗುವಾನಿಗಿಂತ ಎಷ್ಟೋ ಮೇಲು. ಇದು ಆಚಾರ್ರ ಮಾತು. ಈಗ ನನ್ನದೂ ಹೌದು.

ಕಡಿದದ್ದು ಅಮಾವಾಸ್ಯೆಯ ಆಸುಪಾಸಾದರೆ ಹುಳ ಹಿಡಿಯುವುದಿಲ್ಲ ಅಂತ ನಂಬಿಕೆ ಇದೆ. ಅಪ್ಪನಿಗಾಗಿ ಹಾಗೆಯೇ ಕಡಿಸಿದೆವು. ನನಗೆ ನಂಬಿಕೆ ಇದ್ದದ್ದು ಜನವರಿಯ ಒಣ ಗಾಳಿಯ ಮೇಲೆ.

ನವೆಂಬರಿನಲ್ಲಿ ದಾರಂದದ ಕೆಲಸ ಹತ್ತಿತು. ಶುರುವಿಗೇ ಒಂದು ತೊಡಕು. ಎಂಜಿನಿಯರ್ ಕೊಟ್ಟ ನಕ್ಷೆ ಅಡಿ ಇಂಚಿನಲ್ಲಿ. ಆಚಾರ್ರ ಲೆಕ್ಕ ಕೋಲು, ಅಂಗುಲದಲ್ಲಿ. ಹೆಬ್ಬಾಗಿಲಿಗೆ ಧ್ವಜಾಯ (ವಾಸ್ತು ಅಳತೆಯಲ್ಲಿ ಶುಭ ಅನ್ನುವ ಒಂದು ಆಯ) ಬರಬೇಕು ಅಂತ ಅವರು ಅಗಲವನ್ನು ಸ್ವಲ್ಪ ಕಡಿಮೆ ಮಾಡಿದರು. ಮೇಸ್ತ್ರಿ ಹಳೆಯ ಅಳತೆಗೇ ಜಾಗ ಬಿಡಲು ಹೊರಟಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಅಂಗಳದಲ್ಲಿ ಮೂವರನ್ನೂ ನಿಲ್ಲಿಸಿ, ಎಲ್ಲ ಬಾಗಿಲು ಕಿಟಕಿಯ ಹೊರ ಅಳತೆಯನ್ನು ಒಂದೇ ಹಾಳೆಯಲ್ಲಿ ಬರೆಸಿ, ಅದರ ಫೋಟೋ ಎಲ್ಲರ ಫೋನಿಗೂ ಹಾಕಿದೆ. ನಿಮಗೆ ಆಯದಲ್ಲಿ ನಂಬಿಕೆ ಇರಲಿ, ಇಲ್ಲದಿರಲಿ, ಈ ಹಾಳೆ ಬೇಕೇ ಬೇಕು. ಆಮೇಲೆ ಮುಹೂರ್ತ. ನಮಗೆ ಸಿಕ್ಕ ದಿನಕ್ಕೆ ಪುರೋಹಿತರು ಸಿಗಲಿಲ್ಲ, ಪುರೋಹಿತರು ಹೇಳಿದ ದಿನಕ್ಕೆ ಮೇಸ್ತ್ರಿ ಇಲ್ಲ. ಅಲ್ಲಿಗೆ ಇನ್ನಷ್ಟು ದಿನ ಹೋಯಿತು.

ಹೆಬ್ಬಾಗಿಲಿನ ದಾರಂದ ಮಾಡುವಾಗ ನಾನು ಪಕ್ಕದಲ್ಲೇ ಕೂತು ನೋಡಿದೆ. ಈಗ ಎಲ್ಲರ ಹತ್ತಿರವೂ ಮೆಷಿನ್ ಇದೆ. ತೂತು ಹೊಡೆಯಲು, ಕೀಸಲು ಇವರೂ ಮೆಷಿನ್ ಬಳಸಿದರು. ಆದರೆ ಮೂಲೆ ಜೋಡಿಸುವುದು ಕೈಯಲ್ಲೇ. ನಿಲುವು ಕಂಬದಲ್ಲಿ ಉದ್ದಚೌಕದ ತೂತು, ಅಡ್ಡ ಮರದ ತುದಿಯಲ್ಲಿ ಅದಕ್ಕೆ ಸರಿಯಾದ ನಾಲಗೆ. ನಾಲಗೆಯ ದಪ್ಪ ಮರದ ದಪ್ಪದ ಮೂರನೇ ಒಂದು ಪಾಲು. ಅದಕ್ಕಿಂತ ದಪ್ಪವಾದರೆ ತೂತಿನ ಗೋಡೆ ತೆಳುವಾಗಿ ಸೀಳುತ್ತದೆ. ತೆಳುವಾದರೆ ನಾಲಗೆಯೇ ಮುರಿಯುತ್ತದೆ. ಆಚಾರ್ರು ನಾಲಗೆಗೆ ಸೀಮೆಸುಣ್ಣ ಉಜ್ಜಿ, ತೂತಿಗೆ ಹಾಕಿ, ಕೊಡತಿಯಲ್ಲಿ ಎರಡು ಪೆಟ್ಟು ಕೊಟ್ಟು ಹೊರಗೆ ಎಳೆದರು. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ಉಳಿಯಲ್ಲಿ ಒಂದು ಎಳೆ ತೆಗೆದರು. ಮತ್ತೆ ಸುಣ್ಣ, ಮತ್ತೆ ಪೆಟ್ಟು. ಕೊನೆಗೆ ಅಂಗೈಯಲ್ಲಿ ಒತ್ತಿದರೆ ಅರ್ಧ ಹೋಗಿ, ಉಳಿದರ್ಧಕ್ಕೆ ಕೊಡತಿ ಕೇಳುವಷ್ಟು ಬಿಗಿಯಾಯಿತು. ಆಮೇಲೆ ಎರಡನ್ನೂ ಸೇರಿಸಿ ಮರದ ಮೊಳೆ ಹೊಡೆದರು. ಆ ಮೊಳೆಯ ತೂತಿನಲ್ಲೂ ಒಂದು ಉಪಾಯ ಇದೆ. ನಾಲಗೆಯಲ್ಲಿನ ತೂತು ಕಂಬದ ತೂತಿಗಿಂತ ಕೂದಲೆಳೆಯಷ್ಟು ಅಡ್ಡ ಮರದ ಕಡೆಗೆ ಇರುತ್ತದೆ. ಮೊಳೆ ಹೋಗುತ್ತಾ ಹೋಗುತ್ತಾ ಮೂಲೆಯನ್ನು ತಾನೇ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಗಮ್ಮು ಬೇಕಿಲ್ಲ, ಕಬ್ಬಿಣವೂ ಬೇಕಿಲ್ಲ.

ದಾರಂದ ನಿಲ್ಲಿಸುವಾಗ ನೀವೇ ನೋಡಬೇಕಾದದ್ದು ಕೆಲವು. ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯಿರಿ, ಎರಡೂ ಒಂದೇ ಬರಬೇಕು. ಅಷ್ಟಕ್ಕೇ ಬಿಡಬೇಡಿ. ಎರಡೂ ದಾರಗಳನ್ನು ಒಟ್ಟಿಗೆ ಎಳೆದು ಕಟ್ಟಿ. ನಡುವೆ ಅವು ಒಂದಕ್ಕೊಂದು ಸುಮ್ನೆ ತಾಗಿಕೊಂಡಿದ್ದರೆ ಚೌಕಟ್ಟು ತಿರುಚಿಲ್ಲ. ದಾರಗಳ ಜಾಗ ಅದಲುಬದಲು ಮಾಡಿಯೂ ನೋಡಿ. ನಡುವೆ ಸಂದು ಕಂಡರೆ, ಅಥವಾ ಒಂದನ್ನೊಂದು ಒತ್ತಿದರೆ, ತಿರುಚಿದೆ. ಅಂಥ ದಾರಂದಕ್ಕೆ ಯಾವ ಬಾಗಿಲು ಹಾಕಿದರೂ ಒಂದು ಮೂಲೆ ಎದ್ದೇ ಇರುತ್ತದೆ. ತೂಕದ ಗುಂಡನ್ನು ಎರಡು ಕಡೆಯಿಂದ ಬಿಡಬೇಕು, ಎದುರಿನಿಂದ ಒಮ್ಮೆ, ಬದಿಯಿಂದ ಒಮ್ಮೆ. ಚೌಕಟ್ಟಿನ ಒಳಗೆ ಕೆಳಗೊಂದು, ನಡುವೆ ಒಂದು ಅಡ್ಡಪಟ್ಟಿ ಹೊಡೆದು, ಗೋಡೆ ಎದ್ದು ಗಟ್ಟಿಯಾಗುವವರೆಗೂ ತೆಗೆಯಬೇಡಿ. ನಮ್ಮಲ್ಲಿ ಗಾರೆ ಸಾಗಿಸುವ ಹುಡುಗರು ಓಡಾಡಲು ಅಡ್ಡ ಅಂತ ಒಂದನ್ನು ಕಿತ್ತು ಹಾಕಿದ್ದರು. ಸಂಜೆ ನೋಡಿ ವಾಪಸ್ ಹೊಡೆಸಿದೆವು.

ಗೋಡೆಗೆ ತಾಗುವ ಬದಿಗೆ ಬಿಟುಮೆನ್ ಬಳಿಯಿರಿ. ಕೆಂಪುಕಲ್ಲು ಮಳೆಗಾಲ ಪೂರ್ತಿ ನೀರು ಕುಡಿದಿರುತ್ತದೆ, ಆ ತೇವ ಮರಕ್ಕೆ ಹೋಗಬಾರದು. ದಾರಂದವನ್ನು ಗೋಡೆಗೆ ಹಿಡಿದಿಡಲು ಪ್ರತಿ ಬದಿಗೆ ಮೂರು ಹೋಲ್ಡ್ ಫಾಸ್ಟ್. ಇನ್ನೊಂದು, ಲಿಂಟಲ್‌ನ ಭಾರ ದಾರಂದದ ಮೇಲೆ ಕೂರಬಾರದು, ಎರಡೂ ಕಡೆಯ ಗೋಡೆಯ ಮೇಲೆ ಕೂರಬೇಕು. ಇದನ್ನು ಮೇಸ್ತ್ರಿಗೆ ಬಾಯಿ ಬಿಟ್ಟು ಹೇಳಲೇಬೇಕು.

ಫೆಬ್ರವರಿಗೆ ಗೋಡೆ ಮುಗಿಯಿತು. ಮಾಡಿನ ಮರದ ಅರ್ಧ ಭಾಗ ಹಳೆಯ ಮನೆಯದ್ದು. ಕಿರಾಲ್‌ಬೋಗಿಯ ಪಕ್ಕಾಸುಗಳು (ಮಾಡನ್ನು ಹೊರುವ ಓರೆ ಮರಗಳು), ಅಜ್ಜನ ಕಾಲದ್ದು, ಹೊಗೆ ಹಿಡಿದು ಕಪ್ಪಾಗಿದ್ದವು. ಒಳಗೆ ಮಾತ್ರ ಮೊಳೆ ಇಳಿಯದಷ್ಟು ಗಟ್ಟಿ. ಅದನ್ನು ಹೊಸ ಅಳತೆಗೆ ಕೊಯ್ಯಿಸೋಣ ಅಂದರೆ ಮಿಲ್ಲಿನವರು ಮುಟ್ಟಲಿಲ್ಲ. ಒಳಗೆಲ್ಲೋ ಒಂದು ಮೊಳೆ ಉಳಿದಿದ್ದರೆ ಅವರ ಬ್ಲೇಡು ಹೋಗುತ್ತದೆ, ಅವರದು ತಪ್ಪಲ್ಲ. ಅಯಸ್ಕಾಂತ ಹಿಡಿದು ಹುಡುಕಿ, ಮೊಳೆ ಕಿತ್ತು, ಕೈ ಗರಗಸದಲ್ಲೇ ಕತ್ತರಿಸಿದ್ದು. ಹಳೆಯ ಮರ ಪುಕ್ಕಟೆ ಅಂತ ಎಣಿಸಿದ್ದೆವು. ಕೂಲಿ ನೋಡಿದಾಗ ಪುಕ್ಕಟೆ ಅಲ್ಲ ಅಂತ ಗೊತ್ತಾಯಿತು. ಆದರೂ ಅಂಥ ಮರ ಈಗ ಹುಡುಕಿದರೂ ಸಿಗುವುದಿಲ್ಲ.

ನಮ್ಮ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ. ಹಂಚಿನ ಮಾಡು ಚಪ್ಪಟೆಯಾದರೆ ಗಾಳಿ ಮಳೆಗೆ ನೀರು ಹಂಚಿನ ಸಂದಿಯಿಂದ ಹಿಂದಕ್ಕೆ ಏರುತ್ತದೆ. ನಾವು ಅಡ್ಡಕ್ಕೆ 10 ಅಡಿ ಹೋದರೆ 6 ಅಡಿ ಎತ್ತರ ಇಟ್ಟೆವು, ಅಂದರೆ 30 ಡಿಗ್ರಿಗಿಂತ ಚೂರು ಜಾಸ್ತಿ. ಸೂರು ಮೂರು ಅಡಿ ಹೊರಗೆ. ಭಾರದ ಲೆಕ್ಕವೂ ಇರಲಿ. 100 ಚದರಡಿಗೆ 140ರಿಂದ 150 ಹಂಚು ಬೇಕು. ಒಂದು ಹಂಚು ಎರಡೂವರೆ ಕಿಲೋ ಹತ್ತಿರ. ಒದ್ದೆಯಾದರೆ ಇನ್ನೂ ಭಾರ.

ಪಕ್ಕಾಸನ್ನು ಯಾವಾಗಲೂ ನಿಲ್ಲಿಸಿ ಹಾಕಬೇಕು, ಮಲಗಿಸಿ ಅಲ್ಲ. 4ಕ್ಕೆ 2 ಇಂಚಿನ ಮರ ನಿಂತಾಗ, ಮಲಗಿದಾಗಿನ ನಾಲ್ಕು ಪಟ್ಟು ಬಿಗಿ. ಮರ ಒಂದೇ, ಖರ್ಚು ಒಂದೇ. ಸ್ವಲ್ಪ ಬಾಗಿದ ಪಕ್ಕಾಸಾದರೆ ಉಬ್ಬು ಮೇಲಕ್ಕೆ ಬರುವಂತೆ ಇಡಬೇಕು. ಹಂಚಿನ ಭಾರಕ್ಕೆ ಅದು ತಾನೇ ನೇರವಾಗುತ್ತದೆ. ಗೋಡೆಯ ಮೇಲಿನ ತೊಲೆಗೆ ಕೂರುವಲ್ಲಿ ಸಣ್ಣ ಕಚ್ಚು. ಮರದ ಎತ್ತರದ ಮೂರನೇ ಒಂದಕ್ಕಿಂತ ಆಳ ಹೋಗಬಾರದು.

ಆಚಾರ್ರು ಮೊದಲು ಒಂದೇ ಒಂದು ಪಕ್ಕಾಸನ್ನು ಮಾಡಿ, ಮೇಲೆ ಹತ್ತಿಸಿ, ಎರಡೂ ಕಡೆ ಇಟ್ಟು ನೋಡಿ, ಇಳಿಸಿ, ಅದರ ಮೇಲೆ "ಅಚ್ಚು" ಅಂತ ದೊಡ್ಡದಾಗಿ ಬರೆದರು. ಉಳಿದ ಎಲ್ಲದಕ್ಕೂ ಅದರಿಂದಲೇ ಗುರುತು. ಸಹಾಯಕರು ಅವಸರದಲ್ಲಿ ಈಗಷ್ಟೇ ಕತ್ತರಿಸಿದ್ದನ್ನು ಮುಂದಿನದಕ್ಕೆ ಅಳತೆ ಇಡಲು ಹೋದರೆ ಬೈಗುಳ. ಒಂದೊಂದರಲ್ಲಿ ಪೆನ್ಸಿಲ್ ಗೆರೆಯಷ್ಟು ತಪ್ಪಿದರೂ ಕೊನೆಯದು ಅರ್ಧ ಇಂಚು ಉದ್ದ ಬರುತ್ತದೆ, ಸೂರಿನ ಗೆರೆ ಹಾವಿನಂತೆ ಹೋಗುತ್ತದೆ.

ರೀಪಿನ (ಹಂಚು ಕೂರುವ ಅಡ್ಡಪಟ್ಟಿಯ) ಅಂತರ ಪುಸ್ತಕ ನೋಡಿ ಹಾಕಬೇಡಿ. ಮಂಗಳೂರು ಹಂಚು 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಲ್ಲಿಂದ ಬಂದದ್ದು. ಆಮೇಲೆ ಎಷ್ಟೋ ಕಾರ್ಖಾನೆಗಳಾದವು, ಅಚ್ಚಿನಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಇದ್ದೇ ಇದೆ. ಅದರಲ್ಲೂ ಹಳೆಯ ಹಂಚು ಮತ್ತು ಹೊಸದನ್ನು ಬೆರೆಸುವವರು ಹುಷಾರು. ನಾವು ಹಳೆಯದನ್ನು ಹಿಂದಿನ ಮಾಡಿಗೆ, ಹೊಸದನ್ನು ಎದುರಿಗೆ ಬೇರೆ ಬೇರೆಯಾಗಿ ಹಾಕಿ, ಆಯಾ ಹಂಚನ್ನೇ ಇಟ್ಟು ನೋಡಿ ರೀಪು ಹೊಡೆಸಿದೆವು.

ಮಾಡಿನ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆವು. ಕರಾವಳಿಯ ಹಳೆಯ ಕ್ರಮ. ಒರಲೆಗೂ ಹುಳಕ್ಕೂ ಒಳ್ಳೆಯದು, ಮರ ಕಪ್ಪಾಗಿ ಕಾಣುತ್ತದೆ. ಕೈಗೆ ತಾಗಿದರೆ ಸುಡುತ್ತದೆ, ಬೊಕ್ಕೆ ಬರುತ್ತದೆ. ಗ್ಲೌಸ್, ಉದ್ದ ತೋಳಿನ ಅಂಗಿ ಇಲ್ಲದೆ ಯಾರನ್ನೂ ಆ ಕೆಲಸಕ್ಕೆ ಬಿಡಬೇಡಿ.

ಬಾಗಿಲುಗಳು ಕೂತದ್ದು ಮೇ ತಿಂಗಳ ಸೆಕೆಯಲ್ಲಿ, ಮನೆ ಒಕ್ಕಲಿಗೆ (ಗೃಹಪ್ರವೇಶಕ್ಕೆ) ಸ್ವಲ್ಪ ಮುಂಚೆ. ಮರ ಅತಿ ಒಣಗಿರುವ ಸಮಯ ಅದು. ನೋಡಲು ಚಂದ ಅಂತ ಸಂದಿಲ್ಲದ ಹಾಗೆ ಕೂರಿಸಿದರೆ ಜುಲೈಯಲ್ಲಿ ತೆರೆಯಲು ಆಗುವುದಿಲ್ಲ. ಒಂದಡಿ ಅಗಲದ ಹಲಗೆ ಬೇಸಿಗೆಗೂ ಮಳೆಗೂ ನಡುವೆ 3 ಮಿಲಿಮೀಟರಿನಷ್ಟು ಉಬ್ಬಬಹುದು. ಆಚಾರ್ರು ಸುತ್ತಲೂ ಎರಡು ರೂಪಾಯಿ ನಾಣ್ಯ ತೂರಿಸಿ ನೋಡುತ್ತಿದ್ದರು. ಹಲಸಿನ ಬಾಗಿಲಿಗೆ ಎರಡು ನಾಣ್ಯ. ನಡುವಿನ ಹಲಗೆಗಳನ್ನು ಚೌಕಟ್ಟಿನಲ್ಲಿ ತೋಡಿದ ಗಾಡಿಯಲ್ಲಿ (ಗೀರು ಸಂದಿನಲ್ಲಿ) ಹಾಗೇ ಕೂರಿಸಬೇಕು. ಗಮ್ಮು ಹಾಕಬಾರದು, ಮೊಳೆ ಹೊಡೆಯಬಾರದು. ಹಿಡಿದಿಟ್ಟರೆ ಹಲಗೆ ಸೀಳುತ್ತದೆ, ಇಲ್ಲವೇ ಚೌಕಟ್ಟನ್ನೇ ತಳ್ಳುತ್ತದೆ.

ಬಾಗಿಲಿನ ಮೇಲಂಚು, ಕೆಳಂಚು ಕಾಣುವುದಿಲ್ಲ ಅಂತ ಪಾಲಿಶ್‌ನವರು ಹಾಗೇ ಬಿಡುತ್ತಾರೆ. ನೀರು ಕುಡಿಯುವುದೇ ಅಲ್ಲಿಂದ. ಬಿಜಾಗರಿ ಹಾಕುವ ಮೊದಲು ಬಾಗಿಲನ್ನು ಮಲಗಿಸಿ ಆ ಎರಡು ಅಂಚಿಗೂ ಬಳಿಸಿ. ಮತ್ತೆ ಸ್ಕ್ರೂ. ಸುತ್ತಿಗೆಯಲ್ಲಿ ಮುಕ್ಕಾಲು ಹೊಡೆದು ಕೊನೆಗೆ ಎರಡು ಸುತ್ತು ತಿರುಗಿಸುವ ಅಭ್ಯಾಸ ಎಲ್ಲ ಕಡೆ ಇದೆ. ಹಾಗೆ ಹೊಡೆದ ಸ್ಕ್ರೂ ಮರದ ಎಳೆಯನ್ನು ಹರಿದುಹಾಕುತ್ತದೆ, ಹಿಡಿತ ಇರುವುದಿಲ್ಲ. ಡ್ರಿಲ್‌ನಲ್ಲಿ ಸಣ್ಣ ತೂತು ಮಾಡಿ, ತುದಿಗೆ ಸ್ವಲ್ಪ ಸಾಬೂನು ಉಜ್ಜಿ ತಿರುಗಿಸಿದರೆ ಸಲೀಸು. ಕಬ್ಬಿಣದ್ದು ಬೇಡ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ತನ್ನಿ. ನಮ್ಮ ಹವೆಗೆ ಕಬ್ಬಿಣ ತುಕ್ಕು ಹಿಡಿದು ಸುತ್ತಲಿನ ಮರ ಕಪ್ಪಾಗುತ್ತದೆ.

ಖರ್ಚು ಕೇಳುವವರಿಗೆ: ಕೊಯ್ಯುವ ಕೂಲಿ ನಮ್ಮಲ್ಲಿ ಕ್ಯೂಬಿಕ್ ಅಡಿಗೆ 100 ರೂಪಾಯಿ ಸುತ್ತಮುತ್ತ ಆಯಿತು. ಆಚಾರ್ರಿಗೆ ದಿನಕ್ಕೆ 1,200, ಸಹಾಯಕರಿಗೆ 900, ಮಧ್ಯಾಹ್ನದ ಊಟ ನಮ್ಮದು. ಕಡಿದದ್ದು, ಲಾರಿ, ಕೊಯ್ದದ್ದು, ಕೂಲಿ, ಬಿಜಾಗರಿ, ಚಿಲಕ, ಪಾಲಿಶ್ ಎಲ್ಲ ಸೇರಿ ನಾಲ್ಕು ಲಕ್ಷದ ಹತ್ತಿರ ಹೋಗಿದೆ. ಮರದ ಬೆಲೆ ಇದರಲ್ಲಿ ಸೇರಿಲ್ಲ. ಅಷ್ಟು ಸಾಗುವಾನಿ ಹೊರಗೆ ಕೊಂಡಿದ್ದರೆ ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ. ಗುತ್ತಿಗೆಗೆ ಕೊಡಿ ಅಂತ ಕೆಲವರು ಹೇಳಿದ್ದರು. ನಾನು ದಿನಗೂಲಿಯನ್ನೇ ಆರಿಸಿದೆ. ಗುತ್ತಿಗೆಯಲ್ಲಿ ಸೀಮೆಸುಣ್ಣ ಉಜ್ಜಿ ಉಜ್ಜಿ ನೋಡಲು ಯಾರಿಗೆ ಪುರುಸೊತ್ತು?

ಆಚಾರ್ರ ಲೆಕ್ಕದಲ್ಲಿ ಸ್ವಲ್ಪ ಹಣವನ್ನು ಮಳೆಗಾಲ ಕಳೆದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಂಡಿದ್ದೆವು. ಅವರಿಗೂ ಬೇಸರ ಇರಲಿಲ್ಲ. "ಆಟಿಯಲ್ಲಿ ಒಮ್ಮೆ ಬಂದು ನೋಡುತ್ತೇನೆ ಅಕ್ಕ, ಯಾವುದು ಹಿಡಿಯುತ್ತದೆ ಅಂತ ಆಗಲೇ ಗೊತ್ತಾಗುವುದು" ಅಂದಿದ್ದರು. ಆಟಿ ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು. ಬಂದರು. ಬಚ್ಚಲಿನ ಬಾಗಿಲು ಕೆಳಗೆ ತಾಗುತ್ತಿತ್ತು, ಅಡುಗೆಮನೆಯ ಕಿಟಕಿಯ ಒಂದು ಪಡಿ ಬಿಗಿಯಾಗಿತ್ತು. ಕೀಸಿ, ಕೀಸಿದ ಜಾಗಕ್ಕೆ ಮತ್ತೆ ಪಾಲಿಶ್ ಬಳಿದು ಹೋದರು. ಪೂರ್ತಿ ಪಾಲಿಶ್ ಮಳೆ ನಿಂತ ಮೇಲೆಯೇ ಮಾಡಿಸಿ. ಜೂನ್‌ನಲ್ಲಿ ಮಾಡಿಸಿದ ಪಕ್ಕದ ಮನೆಯವರ ಬಾಗಿಲಲ್ಲಿ ಬಿಳಿ ಮಂಜು ಕೂತ ಹಾಗೆ ಕಲೆ ಬಂದಿದೆ.

ಅನುಮತಿ ಪತ್ರ, ರಹದಾರಿ, ಮಿಲ್ಲಿನ ರಸೀದಿ ಇವನ್ನೆಲ್ಲ ಮನೆಯ ಲೈಸೆನ್ಸ್ ಜೊತೆ ಒಂದೇ ಫೈಲಿನಲ್ಲಿಡಿ. ಉಳಿದ ಹಲಗೆ ಯಾರಿಗಾದರೂ ಕೊಡುವಾಗ, ಸಾಗಿಸುವಾಗ ಮರ ಎಲ್ಲಿಯದು ಅಂತ ಕೇಳುತ್ತಾರೆ. ನಮ್ಮಲ್ಲಿ ಉಳಿದ ಹೆಬ್ಬಲಸಿನ ತುಂಡುಗಳು ನಡುವೆ ಮರದ ಪಟ್ಟಿ ಇಟ್ಟು ಒಟ್ಟಿದ ಹಾಗೆಯೇ ಶೀಟಿನ ಕೆಳಗಿವೆ. ಬರುವ ವರ್ಷ ಅದರಲ್ಲಿ ಕಪಾಟು ಮಾಡಿಸಬೇಕು.